ಬೆಂಗಳೂರು ಎಫ್‌ಸಿಯ ಸ್ಥಾಪನೆ ಮತ್ತು ಆರಂಭಿಕ ಬೆಳವಣಿಗೆ

ಬೆಂಗಳೂರು ಫುಟ್‌ಬಾಲ್ ಕ್ಲಬ್ ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿ ನೆಲೆಗೊಂಡಿರುವ ವೃತ್ತಿಪರ ಫುಟ್‌ಬಾಲ್ ಸಂಸ್ಥೆ. ಬೆಂಗಳೂರು ಎಫ್‌ಸಿ ಅಥವಾ ಬಿಎಫ್‌ಸಿ ಎಂಬುದು ಇದರ ಬಳಕೆಯ ಹೆಸರು. 'ಬ್ಲೂಸ್' ಎಂಬುದು ಅಭಿಮಾನಿಗಳು ಕರೆಯುವ ಅಡ್ಡಹೆಸರು. ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿರುವ ಈ ಕ್ಲಬ್ 2013ರ ಜುಲೈ 20ರಂದು ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದಿತು. ಆಡಿದ ಮೊದಲ ಋತುವಿನಲ್ಲಿಯೇ, ಅಂದರೆ 2013–14ರಲ್ಲಿ, ಅಂದಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2016ರಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಎಎಫ್‌ಸಿ ಕಪ್ ಟೂರ್ನಿಯ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿತು. ಈ ಲೇಖನವು ಕ್ಲಬ್‌ನ ಸ್ಥಾಪನೆಯಿಂದ 2017ರಲ್ಲಿ ಅದು ಇಂಡಿಯನ್ ಸೂಪರ್ ಲೀಗ್‌ಗೆ ಸೇರುವವರೆಗಿನ ಅವಧಿಯನ್ನು ಕುರಿತದ್ದಾಗಿದೆ.

ಹಿನ್ನೆಲೆ

ಬೆಂಗಳೂರು ಎಫ್‌ಸಿ ಹೊಸ ಕ್ಲಬ್ ಆದರೂ ಅದು ಹುಟ್ಟಿದ ನಗರಕ್ಕೆ ಫುಟ್‌ಬಾಲ್ ಹೊಸದಾಗಿರಲಿಲ್ಲ. ದಂಡುಪ್ರದೇಶದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರ ಮೂಲಕ ಬಂದ ಆಟ ಸುತ್ತಮುತ್ತಲಿನ ಕೇರಿಗಳಿಗೆ ಹರಡಿತು. ಹಲಸೂರಿನ ಬಳಿಯ ಗೌತಮಪುರದಂತಹ ಬಡಾವಣೆಗಳಲ್ಲಿ ಇಂದಿಗೂ ಕ್ರಿಕೆಟ್‌ಗಿಂತ ಫುಟ್‌ಬಾಲ್‌ಗೆ ಹೆಚ್ಚಿನ ಮನ್ನಣೆ ಇದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1891ರಲ್ಲಿ ಆರಂಭವಾದ ಆ ಟೂರ್ನಿಯು ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ ಬೆಂಗಳೂರಿನದು. ಮರುವರ್ಷವೂ ಅದೇ ತಂಡ ಪ್ರಶಸ್ತಿಯನ್ನು ಉಳಿಸಿಕೊಂಡಿತು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತ್ತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬಹುಪಾಲು ಬರಿಗಾಲಿನಲ್ಲಿ ಆಡಿ 1–2ರಿಂದ ಸೋತ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ನಾಲ್ಕನೆಯ ಸ್ಥಾನ ಪಡೆದ 1956ರ ಮೆಲ್ಬರ್ನ್ ತಂಡದಲ್ಲಿ ಕೆಂಪಯ್ಯ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಆಡಿದರು. ಆದರೆ ಅಹ್ಮದ್ ಖಾನ್ ಹೆಸರಾದದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವ' ಮುನ್ನಡೆ ಸಾಲಿನ ಒಬ್ಬರಾಗಿ. ಅರುಮೈನಾಯಗಂ ಹೆಸರಾದದ್ದು ಮೋಹನ್ ಬಾಗಾನ್‌ನಲ್ಲಿ. ನಗರವು ಆಟಗಾರರನ್ನು ಬೆಳೆಸುತ್ತಿತ್ತು, ಅವರನ್ನು ಉಳಿಸಿಕೊಳ್ಳಬಲ್ಲ ಕ್ಲಬ್ ಅದರ ಬಳಿ ಇರಲಿಲ್ಲ.

ಆ ಸ್ಥಾನವನ್ನು ಬಹುಕಾಲ ತುಂಬಿದ್ದು ಸಾರ್ವಜನಿಕ ಉದ್ಯಮಗಳ ಮತ್ತು ಸೇನೆಯ ತಂಡಗಳು. ಎಚ್‌ಎಎಲ್, ಐಟಿಐ, ಎಂಇಜಿ, ಎಎಸ್‌ಸಿ ಮೊದಲಾದ ಸಂಸ್ಥೆಗಳು ಆಟಗಾರರಿಗೆ ಉದ್ಯೋಗ ನೀಡಿ ರಾಜ್ಯದ ಸೂಪರ್ ಡಿವಿಷನ್ ಲೀಗ್‌ನಲ್ಲಿ ತಂಡಗಳನ್ನು ಕಣಕ್ಕಿಳಿಸುತ್ತಿದ್ದವು. ಆಟಗಾರನಿಗೆ ಇದು ಆಟ ಮುಗಿದ ಮೇಲೂ ಉಳಿಯುವ ನೌಕರಿಯಾಗಿದ್ದರಿಂದ ಈ ವ್ಯವಸ್ಥೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನೌಕರರ ತಂಡವೊಂದಕ್ಕೆ ಊರಿನ ಅಭಿಮಾನಿಗಳು ಸೇರುವುದು ಕಷ್ಟ. ಏಷ್ಯಾ ಒಕ್ಕೂಟವು ಕ್ಲಬ್‌ಗಳಿಂದ ಅಪೇಕ್ಷಿಸತೊಡಗಿದ ವೃತ್ತಿಪರ ಪರವಾನಗಿಯ ನಿಯಮಗಳಿಗೆ ಹೊಂದಿಕೊಳ್ಳುವುದು ಇನ್ನೂ ಕಷ್ಟ. ಎಚ್‌ಎಎಲ್ ತಂಡವು 2010–11 ಮತ್ತು 2011–12ರಲ್ಲಿ ಐ-ಲೀಗ್‌ನಲ್ಲಿ ಆಡಿ ಹಿಂಬಡ್ತಿ ಪಡೆಯಿತು. ಅದರೊಂದಿಗೆ ದೇಶದ ಅಗ್ರ ಲೀಗ್‌ನಲ್ಲಿ ಬೆಂಗಳೂರಿನ ಹೆಸರು ಇಲ್ಲವಾಯಿತು.

ಸ್ಥಾಪನೆ

2007ರಲ್ಲಿ ಆರಂಭವಾದ ಐ-ಲೀಗ್ ಗೋವಾ ಮತ್ತು ಕೋಲ್ಕತ್ತದ ತಂಡಗಳ ಸುತ್ತಲೇ ತಿರುಗುತ್ತಿತ್ತು. ಮೊದಲ ಆರು ಪ್ರಶಸ್ತಿಗಳೂ ಗೋವಾದ ಡೆಂಪೊ, ಚರ್ಚಿಲ್ ಬ್ರದರ್ಸ್ ಮತ್ತು ಸಾಲ್ಗಾಂವ್ಕರ್ ತಂಡಗಳ ಪಾಲಾಗಿದ್ದವು. ಲೀಗ್ ಅನ್ನು ಹೊಸ ನಗರಗಳಿಗೆ ವಿಸ್ತರಿಸಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಉದ್ಯಮ ಸಂಸ್ಥೆಗಳಿಂದ ನೇರ ಪ್ರವೇಶದ ಬಿಡ್‌ಗಳನ್ನು ಆಹ್ವಾನಿಸಿತು. 2013ರ ಮೇ ತಿಂಗಳ ಕೊನೆಯಲ್ಲಿ ಬೆಂಗಳೂರಿಗೆ ಜೆಎಸ್‌ಡಬ್ಲ್ಯು ಸಮೂಹದ ಮತ್ತು ಮುಂಬಯಿಗೆ ಡಾಡ್ಸಲ್ ಸಮೂಹದ ಬಿಡ್‌ಗಳಿಗೆ ಒಪ್ಪಿಗೆ ದೊರೆಯಿತು. ಇವೆರಡರಲ್ಲಿ ಐ-ಲೀಗ್‌ನಲ್ಲಿ ಆಡಿದ್ದು ಬೆಂಗಳೂರಿನ ತಂಡ ಮಾತ್ರ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕು ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಕರ್ನಾಟಕಕ್ಕೆ ಅಪರಿಚಿತ ಸಂಸ್ಥೆಯಲ್ಲ. ಸಮೂಹದ ಮುಖ್ಯಸ್ಥ ಸಜ್ಜನ್ ಜಿಂದಾಲ್ ಅವರ ಪುತ್ರ ಪಾರ್ಥ್ ಜಿಂದಾಲ್ ಫುಟ್‌ಬಾಲ್ ಯೋಜನೆಯ ಮುಂದಾಳತ್ವ ವಹಿಸಿದರು. ಜುಲೈ 20ರಂದು ಕ್ಲಬ್‌ನ ಹೆಸರು ಮತ್ತು ಲಾಂಛನವನ್ನು ಬಿಡುಗಡೆ ಮಾಡಲಾಯಿತು. ಹೆಸರಿನಲ್ಲಿ ಒಡೆತನದ ಕಂಪನಿಯ ಗುರುತು ಇರಲಿಲ್ಲ, ಇಂಗ್ಲಿಷ್ ಬರವಣಿಗೆಯಲ್ಲಿಯೂ 'ಬ್ಯಾಂಗಲೋರ್' ಎಂಬ ರೂಪವನ್ನು ಬಳಸಲಿಲ್ಲ. ನಗರದ ಹೆಸರು ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ 'ಬೆಂಗಳೂರು' ಆದದ್ದು 2014ರ ನವೆಂಬರ್ 1ರಂದು. ಫುಟ್‌ಬಾಲ್ ಕ್ಲಬ್ ಈ ವಿಷಯದಲ್ಲಿ ಸರ್ಕಾರಿ ಆದೇಶಕ್ಕಿಂತ ಒಂದು ವರ್ಷಕ್ಕೂ ಹೆಚ್ಚು ಮುಂದಿತ್ತು.

ಫುಟ್‌ಬಾಲ್‌ನ ಹಳೆಯ ದೇಶಗಳಲ್ಲಿ ಹೊಸ ಕ್ಲಬ್ ಹುಟ್ಟುವ ಬಗೆ ಇದಕ್ಕಿಂತ ಭಿನ್ನವಾದುದು. ಇಂಗ್ಲೆಂಡಿನಲ್ಲಿ ಅಗ್ರ ನಾಲ್ಕು ವೃತ್ತಿಪರ ವಿಭಾಗಗಳ ಕೆಳಗೆ 'ನಾನ್-ಲೀಗ್' ಎಂದು ಕರೆಯಲಾಗುವ ಹಲವು ಮೆಟ್ಟಿಲುಗಳ ಲೀಗ್ ವ್ಯವಸ್ಥೆ ಇದೆ. ಹೊಸ ಕ್ಲಬ್ ಅದರ ತಳಭಾಗದಲ್ಲೆಲ್ಲೋ ಆಟ ಆರಂಭಿಸಬೇಕು. ವಿಂಬಲ್ಡನ್ ಕ್ಲಬ್ ಅನ್ನು ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಸ್ಥಳಾಂತರಿಸಲು 2002ರಲ್ಲಿ ಒಪ್ಪಿಗೆ ದೊರೆತಾಗ, ಅದನ್ನು ವಿರೋಧಿಸಿದ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು. ಊರ ಹೊರಗಿನ ಬಯಲಿನಲ್ಲಿ ಆಯ್ಕೆ ಶಿಬಿರ ನಡೆಸಿ, ಪ್ರಾದೇಶಿಕ ಮಟ್ಟದ ಕಂಬೈನ್ಡ್ ಕೌಂಟೀಸ್ ಲೀಗ್‌ನಲ್ಲಿ ಆಡತೊಡಗಿದ ಆ ತಂಡ ವೃತ್ತಿಪರ ಲೀಗ್ ತಲುಪಲು ಒಂಬತ್ತು ಋತುಗಳು ಬೇಕಾದವು. ಅಲ್ಲಿ ಅಭಿಮಾನಿಗಳು ಮೊದಲು ಇದ್ದರು, ತಂಡ ಬಳಿಕ ಬಂದಿತು. ಬೆಂಗಳೂರಿನಲ್ಲಿ ಬಂಡವಾಳ, ಆಡಳಿತ ಮಂಡಳಿ ಮತ್ತು ಅಗ್ರ ಲೀಗ್‌ನಲ್ಲಿ ಸ್ಥಾನ ಮೊದಲೇ ಸಿದ್ಧವಾಗಿದ್ದವು. ಇನ್ನೂ ಬರಬೇಕಾಗಿದ್ದವರು ಪ್ರೇಕ್ಷಕರು. ಒಂದು ಕಂಪನಿಯ ತಂಡವನ್ನು ಊರಿನವರು ತಮ್ಮದೆಂದು ಒಪ್ಪುವರೇ ಎಂಬ ಪ್ರಶ್ನೆ ಎಚ್‌ಎಎಲ್ ಮತ್ತು ಐಟಿಐಗಳ ಕಾಲದಿಂದ ಉಳಿದುಬಂದದ್ದು. ಹೊಸ ಕ್ಲಬ್ ಅದನ್ನು ಹೆಚ್ಚಿನ ಹಣದೊಂದಿಗೆ ಮತ್ತೆ ಎದುರಿಸಬೇಕಾಯಿತು.

ತಂಡದ ರಚನೆ

ಮುಖ್ಯ ತರಬೇತುದಾರರಾಗಿ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಅವರನ್ನು 2013ರ ಜುಲೈ ಆರಂಭದಲ್ಲಿ ನೇಮಿಸಲಾಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿ, ಕ್ರೂ ಅಲೆಕ್ಸಾಂಡ್ರಾ, ಶೆಫೀಲ್ಡ್ ವೆನ್ಸ್‌ಡೇ ಮೊದಲಾದ ಕ್ಲಬ್‌ಗಳಿಗೆ ರಕ್ಷಣಾ ಆಟಗಾರರಾಗಿದ್ದ ಅವರು ಬ್ಲ್ಯಾಕ್‌ಬರ್ನ್ ರೋವರ್ಸ್‌ನ ತರಬೇತಿ ಸಿಬ್ಬಂದಿಯಲ್ಲಿ ಕೆಲಸ ಮಾಡಿದ್ದರು. ಸ್ವತಂತ್ರವಾಗಿ ಹಿರಿಯರ ತಂಡವೊಂದನ್ನು ನಡೆಸಿದ ಅನುಭವ ಅವರಿಗೆ ಹೆಚ್ಚಿರಲಿಲ್ಲ. ಲೀಗ್ ಆರಂಭಕ್ಕೆ ಮೂರು ತಿಂಗಳೂ ಉಳಿದಿರಲಿಲ್ಲ.

ತಂಡದ ನಾಯಕರಾಗಿ ಬಂದವರು ರಾಷ್ಟ್ರೀಯ ತಂಡದ ನಾಯಕ ಸುನಿಲ್ ಚೆಟ್ರಿ. ಅಮೆರಿಕದ ಕಾನ್ಸಾಸ್ ಸಿಟಿ ಮತ್ತು ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಎರಡನೆಯ ತಂಡದಲ್ಲಿ ಇದ್ದು ಮರಳಿದ್ದ ಅವರು ಹಿಂದಿನ ಋತುವಿನ ಕೊನೆಯ ಭಾಗವನ್ನು ಚಾಂಪಿಯನ್ ಚರ್ಚಿಲ್ ಬ್ರದರ್ಸ್ ಪರ ಆಡಿದ್ದರು. ಇನ್ನೂ ಒಂದು ಪಂದ್ಯವನ್ನೂ ಆಡದಿದ್ದ ಕ್ಲಬ್‌ಗೆ ದೇಶದ ಅತಿ ಪ್ರಸಿದ್ಧ ಆಟಗಾರ ಸೇರಿದ್ದು ಉಳಿದವರನ್ನು ಒಪ್ಪಿಸಲು ನೆರವಾಯಿತು. ಮುನ್ನಡೆಯಲ್ಲಿ ರಾಬಿನ್ ಸಿಂಗ್, ರಕ್ಷಣೆಯಲ್ಲಿ ರಿನೊ ಆಂಟೊ ಮತ್ತು ಕೀಗನ್ ಪೆರೇರಾ, ಗೋಲ್‌ಕೀಪರ್ ಆಗಿ ಪವನ್ ಕುಮಾರ್ ಬಂದರು. ನಗರದ ಯುವ ಆಟಗಾರ ಶಂಕರ್ ಸಂಪಂಗಿರಾಜ್ ಅವರಿಗೂ ಸ್ಥಾನ ದೊರೆಯಿತು.

ವಿದೇಶಿ ಆಟಗಾರರ ಆಯ್ಕೆಯಲ್ಲಿ ಕ್ಲಬ್ ಹೆಸರಿಗಿಂತ ಉಪಯೋಗವನ್ನು ನೋಡಿತು. ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ರಕ್ಷಣೆಯ ಮಧ್ಯಭಾಗವನ್ನು ವಹಿಸಿಕೊಂಡರು. ಒಸಾನೊ ಆಡಿ ಬಂದದ್ದು ಇಂಗ್ಲೆಂಡಿನ ಕೆಳಸ್ತರದ ಫುಟ್‌ಬಾಲ್‌ನಲ್ಲಿ: ನಾನ್-ಲೀಗ್‌ನಲ್ಲಿದ್ದ ರಷ್ಡನ್ ಅಂಡ್ ಡೈಮಂಡ್ಸ್, ಅದೇ ವಿಭಾಗಕ್ಕೆ ಇಳಿದಿದ್ದ ಲೂಟನ್ ಟೌನ್, ಬಳಿಕ ಮೇಲೆ ಹೇಳಿದ ಎಎಫ್‌ಸಿ ವಿಂಬಲ್ಡನ್. ಆಸ್ಟ್ರೇಲಿಯಾದ ಶಾನ್ ರೂನಿ ಮತ್ತು ಲೈಬೀರಿಯಾದ ಜಾನಿ ಮೆನ್ಯೊಂಗರ್ ಆಕ್ರಮಣ ವಿಭಾಗಕ್ಕೆ ಸೇರಿದರು. ವೆಸ್ಟ್‌ವುಡ್ ಆಹಾರ ಕ್ರಮ, ವಿಶ್ರಾಂತಿ ಮತ್ತು ದೈಹಿಕ ಸಾಮರ್ಥ್ಯಗಳ ಬಗ್ಗೆ ಕಟ್ಟುನಿಟ್ಟಾಗಿದ್ದರು. ಪಂದ್ಯದ ಕೊನೆಯ ಭಾಗದಲ್ಲಿಯೂ ದಣಿಯದೆ ಓಡುವ ತಂಡ ಎಂಬ ಹೆಸರು ಬೇಗನೆ ಬಂದಿತು.

ಮೊದಲ ಋತು ಮತ್ತು ಪಶ್ಚಿಮದ ಅಟ್ಟಣಿಗೆ

ಕ್ಲಬ್‌ನ ಮೊದಲ ನೆಲೆ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಈ ಕ್ರೀಡಾಂಗಣದಲ್ಲಿ ಕೃತಕ ಹುಲ್ಲಿನ ಹಾಸು ಇತ್ತು. ಕೆಲವೇ ಸಾವಿರ ಜನರು ಕೂರಬಹುದಾದ ಚಿಕ್ಕ ಅಂಗಳ. ಓಟದ ಪಥ ಇಲ್ಲದ್ದರಿಂದ ಪ್ರೇಕ್ಷಕರು ಆಟಕ್ಕೆ ತೀರ ಹತ್ತಿರವಿರುತ್ತಿದ್ದರು. 2013ರ ಸೆಪ್ಟೆಂಬರ್ 22ರಂದು ಇಲ್ಲಿ ಮೋಹನ್ ಬಾಗಾನ್ ವಿರುದ್ಧ ಕ್ಲಬ್ ತನ್ನ ಮೊದಲ ಐ-ಲೀಗ್ ಪಂದ್ಯವನ್ನು ಆಡಿತು. ಶಾನ್ ರೂನಿ ಗೋಲು ಗಳಿಸಿದ ಈ ಪಂದ್ಯ 1–1ರಲ್ಲಿ ಡ್ರಾ ಆಯಿತು. 1889ರಲ್ಲಿ ಸ್ಥಾಪನೆಯಾದ ಎದುರಾಳಿಗೆ ಹೋಲಿಸಿದರೆ ಬೆಂಗಳೂರಿಗೆ ಆಗ ಎರಡು ತಿಂಗಳ ವಯಸ್ಸು.

ಪಶ್ಚಿಮ ದಿಕ್ಕಿನ ಅಟ್ಟಣಿಗೆಯಲ್ಲಿ ಒಟ್ಟುಗೂಡತೊಡಗಿದ ಪ್ರೇಕ್ಷಕರ ಗುಂಪು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗವಾಗಿ ರೂಪುಗೊಂಡಿತು. ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ದೂರದರ್ಶನದಲ್ಲಿ ನೋಡಿ ಬೆಳೆದ ನಗರದ ಯುವಜನರಿಗೆ ಕಣ್ಣೆದುರಿಗೆ ಬೆಂಬಲಿಸಲು ಒಂದು ತಂಡ ದೊರೆತದ್ದು ಇದೇ ಮೊದಲು. ತೊಂಬತ್ತು ನಿಮಿಷವೂ ನಿಂತು ಹಾಡುವುದು, ನಗಾರಿ ಬಾರಿಸುವುದು, ದೊಡ್ಡ ಬ್ಯಾನರ್‌ಗಳನ್ನು ಹರಡುವುದು, ಹೊರ ರಾಜ್ಯದ ಪಂದ್ಯಗಳಿಗೂ ತಂಡದೊಂದಿಗೆ ಪಯಣಿಸುವುದು ಇವರ ರೂಢಿಯಾಯಿತು. ಕೋಲ್ಕತ್ತ, ಗೋವಾ ಮತ್ತು ಕೇರಳಗಳ ಹಳೆಯ ಫುಟ್‌ಬಾಲ್ ಅಭಿಮಾನವು ಮನೆತನದಿಂದಲೋ ಕೇರಿಯಿಂದಲೋ ಬರುವಂಥದು. ಬೆಂಗಳೂರಿನದು ಹಾಗೆ ಪರಂಪರೆಯಿಂದ ಬಂದದ್ದಲ್ಲ. ಹೊರ ಊರುಗಳಿಂದ ಕೆಲಸಕ್ಕೆ ಬಂದು ನೆಲೆಸಿದವರೂ ಅದರಲ್ಲಿ ಸುಲಭವಾಗಿ ಸೇರಿಕೊಂಡರು. ಗೆದ್ದ ಬಳಿಕ ಆಟಗಾರರು ಆ ಅಟ್ಟಣಿಗೆಯ ಮುಂದೆ ಬಂದು ಅಭಿಮಾನಿಗಳಿಗೆ ವಂದಿಸುವ ಪರಿಪಾಠವೂ ಬೆಳೆಯಿತು.

ಹದಿಮೂರು ತಂಡಗಳ ಲೀಗ್‌ನಲ್ಲಿ ಬೆಂಗಳೂರು ಆರಂಭದಿಂದಲೂ ಮೇಲಿನ ಸ್ಥಾನಗಳಲ್ಲಿಯೇ ಉಳಿಯಿತು. 2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಒಂದು ಪಂದ್ಯ ಬಾಕಿಯಿರುವಾಗಲೇ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು. ಕ್ಲಬ್ ಸ್ಥಾಪನೆಯಾಗಿ ಆಗ ಒಂಬತ್ತು ತಿಂಗಳು ಮತ್ತು ಒಂದು ದಿನ. ಐ-ಲೀಗ್ ಪ್ರಶಸ್ತಿ ಗೋವಾದ ಹೊರಗೆ ಹೋದದ್ದು ಅದೇ ಮೊದಲು, ಅದೂ ಗೋವಾದ ನೆಲದಲ್ಲಿಯೇ. ಈಸ್ಟ್ ಬೆಂಗಾಲ್ ಎರಡನೆಯ ಸ್ಥಾನ ಪಡೆಯಿತು. ಚೆಟ್ರಿ ಲೀಗ್‌ನಲ್ಲಿ 14 ಗೋಲುಗಳನ್ನು ಗಳಿಸಿದರು.

ಕಂಠೀರವಕ್ಕೆ ಸ್ಥಳಾಂತರ

2014–15ರ ಋತುವಿನಲ್ಲಿ ಕ್ಲಬ್ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ತನ್ನ ನೆಲೆಯನ್ನು ಬದಲಿಸಿತು. ಹಲವು ಪಟ್ಟು ಹೆಚ್ಚು ಪ್ರೇಕ್ಷಕರು ಕೂರಬಹುದಾದ, ನಿಜವಾದ ಹುಲ್ಲಿನ ಮೈದಾನವಿರುವ ಕ್ರೀಡಾಂಗಣವಿದು. ಇದು ಮೂಲತಃ ಅಥ್ಲೆಟಿಕ್ಸ್‌ಗೆ ಮೀಸಲಾದ್ದರಿಂದ ಮೈದಾನದ ಸುತ್ತ ಓಟದ ಪಥ ಇದೆ. ಹಳೆಯ ಅಂಗಳದ ಸಾಮೀಪ್ಯ ಇಲ್ಲಿಲ್ಲ. ಓಟಗಾರರ ಅಭ್ಯಾಸಕ್ಕೂ ಫುಟ್‌ಬಾಲ್ ಪಂದ್ಯಗಳಿಗೂ ಒಂದೇ ಅಂಗಳವನ್ನು ಹಂಚುವ ವಿಷಯ ಮುಂದಿನ ವರ್ಷಗಳಲ್ಲಿ ವಿವಾದವಾಗಿಯೂ ಬೆಳೆಯಿತು. ವೆಸ್ಟ್ ಬ್ಲಾಕ್ ಬ್ಲೂಸ್ ಬಳಗವು ಹೊಸ ನೆಲೆಯಲ್ಲಿಯೂ ಪಶ್ಚಿಮದ ಭಾಗವನ್ನೇ ಆಯ್ದುಕೊಂಡಿತು.

ಈ ಹೊತ್ತಿಗೆ ತಂಡಕ್ಕೆ ಯುಜಿನ್‌ಸನ್ ಲಿಂಗ್ಡೊ, ಸಿ. ಕೆ. ವಿನೀತ್ ಮತ್ತು ಉದಾಂತ ಸಿಂಗ್ ಸೇರಿದ್ದರು. 2015ರ ಜನವರಿಯಲ್ಲಿ ಗೋವಾದಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ವಿರುದ್ಧ 2–1ರಿಂದ ಗೆದ್ದು ಕ್ಲಬ್ ತನ್ನ ಎರಡನೆಯ ಪ್ರಶಸ್ತಿ ಪಡೆಯಿತು. ಫೆಬ್ರುವರಿಯಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯದಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತು, ಎರಡನೆಯ ಸ್ತರದ ಎಎಫ್‌ಸಿ ಕಪ್‌ಗೆ ಇಳಿಯಿತು. ಅಲ್ಲಿ ಹದಿನಾರರ ಘಟ್ಟದಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ತಂಡಕ್ಕೆ ಸೋತಿತು.

ಲೀಗ್‌ನ ಕೊನೆಯ ದಿನ, 2015ರ ಮೇ 31ರಂದು, ಕಂಠೀರವದಲ್ಲಿ ನಡೆದ ಪಂದ್ಯವನ್ನು ಕ್ಲಬ್‌ನ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಎದುರಾಳಿ ಮತ್ತೆ ಮೋಹನ್ ಬಾಗಾನ್. ಅಂಕಪಟ್ಟಿಯಲ್ಲಿ ಎರಡು ಅಂಕ ಮುಂದಿದ್ದ ಆ ತಂಡಕ್ಕೆ ಡ್ರಾ ಸಾಕಿತ್ತು. ಬೆಂಗಳೂರಿಗೆ ಗೆಲುವು ಬೇಕಿತ್ತು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗಳಿಸಿದ ಗೋಲಿನಿಂದ ಬೆಂಗಳೂರು ಮುನ್ನಡೆದು, ಪ್ರಶಸ್ತಿ ಬಹುತೇಕ ಕೈಸೇರಿದಂತೆ ಕಂಡಿತು. 87ನೆಯ ನಿಮಿಷದಲ್ಲಿ ನೈಜೀರಿಯಾದ ರಕ್ಷಣಾ ಆಟಗಾರ ಬೆಲ್ಲೊ ರಝಾಕ್ ತಲೆಯಿಂದ ಹೊಡೆದ ಗೋಲು ಪಂದ್ಯವನ್ನು 1–1ಕ್ಕೆ ತಂದಿತು, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಮರು ಋತುವಿನಲ್ಲಿ ಬೆಂಗಳೂರು ಅದನ್ನು ಮರಳಿ ಪಡೆಯಿತು: 2016ರ ಏಪ್ರಿಲ್ 17ರಂದು ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2–0ರಿಂದ ಗೆದ್ದು, ಮೂರು ಋತುಗಳಲ್ಲಿ ಎರಡನೆಯ ಬಾರಿ ಚಾಂಪಿಯನ್ ಆಯಿತು.

ಎರಡು ಲೀಗ್‌ಗಳ ನಡುವೆ

ಕ್ಲಬ್ ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಭಾರತೀಯ ಫುಟ್‌ಬಾಲ್‌ನ ರಚನೆ ಬದಲಾಗುತ್ತಿತ್ತು. 2014ರಲ್ಲಿ ಫ್ರಾಂಚೈಸಿ ಮಾದರಿಯ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. ಅದರ ಬೆಂಗಳೂರು ಫ್ರಾಂಚೈಸಿಯನ್ನು ಮೊದಲು ಪಡೆದಿದ್ದ ಸನ್ ಸಮೂಹ ಹಿಂದೆ ಸರಿದು, ಆ ಸ್ಥಾನ ಚೆನ್ನೈಗೆ ಹೋಯಿತು. ಹೀಗಾಗಿ ಐ-ಲೀಗ್ ಚಾಂಪಿಯನ್ ಇದ್ದ ನಗರಕ್ಕೆ ಹೊಸ ಲೀಗ್‌ನಲ್ಲಿ ತಂಡವಿರಲಿಲ್ಲ. ಆರಂಭದಲ್ಲಿ ಕೆಲವೇ ತಿಂಗಳು ನಡೆಯುತ್ತಿದ್ದ ಸೂಪರ್ ಲೀಗ್‌ಗಾಗಿ ಐ-ಲೀಗ್ ಕ್ಲಬ್‌ಗಳ ಆಟಗಾರರು ಎರವಲಿನ ಮೇಲೆ ಹೋಗಿಬರುತ್ತಿದ್ದರು. ಚೆಟ್ರಿಯವರೇ ಮುಂಬೈ ಸಿಟಿ ಪರ ಆಡಿದರು. ದೂರದರ್ಶನದ ಪ್ರಚಾರ ಮತ್ತು ಪ್ರಾಯೋಜಕರ ಹಣ ಹೊಸ ಲೀಗ್‌ನತ್ತ ಹರಿಯಿತು. ಏಷ್ಯಾದ ಟೂರ್ನಿಗಳಲ್ಲಿ ದೇಶವನ್ನು ಪ್ರತಿನಿಧಿಸುವ ಹೊಣೆ ಐ-ಲೀಗ್ ಕ್ಲಬ್‌ಗಳ ಮೇಲೆಯೇ ಉಳಿಯಿತು. ಬೆಂಗಳೂರಿನ ಆರಂಭಿಕ ಸಾಧನೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

2016ರ ಎಎಫ್‌ಸಿ ಕಪ್

ವೆಸ್ಟ್‌ವುಡ್ ಅವರ ಮಾರ್ಗದರ್ಶನದಲ್ಲಿ ತಂಡವು ಗುಂಪು ಹಂತವನ್ನು ದಾಟಿ, ಹಾಂಗ್‌ಕಾಂಗ್‌ನಲ್ಲಿ ಕಿಚೀ ತಂಡವನ್ನು 3–2ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಋತುವಿನ ಕೊನೆಯಲ್ಲಿ ಅವರು ಕ್ಲಬ್ ತೊರೆದರು. ಅವರ ಸ್ಥಾನಕ್ಕೆ ಬಾರ್ಸಿಲೋನಾ ಕ್ಲಬ್‌ನಲ್ಲಿ ಸಹಾಯಕ ತರಬೇತುದಾರರಾಗಿದ್ದ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ನೇರ ಹಾಗೂ ಬಿರುಸಿನ ಆಟಕ್ಕೆ ಒಗ್ಗಿದ್ದ ತಂಡವು ಚೆಂಡನ್ನು ಹೆಚ್ಚು ಹೊತ್ತು ತನ್ನಲ್ಲಿ ಇಟ್ಟುಕೊಳ್ಳುವ ಶೈಲಿಯನ್ನು ಟೂರ್ನಿಯ ನಡುವೆಯೇ ಕಲಿಯಬೇಕಾಯಿತು.

ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ವಿರುದ್ಧ ಎರಡು ಪಂದ್ಯಗಳನ್ನು ಒಟ್ಟು ಸೇರಿಸಿ 1–0ರ ಗೆಲುವು ದೊರೆಯಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್ ಜೊಹೊರ್. ಮಲೇಷ್ಯಾದಲ್ಲಿ 1–1ರ ಡ್ರಾ ಸಾಧಿಸಿ ಬಂದ ಬೆಂಗಳೂರು, ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟಿತು. ಬಳಿಕ ಚೆಟ್ರಿ ಎರಡು ಮತ್ತು ಸ್ಪೇನ್‌ನ ರಕ್ಷಣಾ ಆಟಗಾರ ಹುವಾನ್ ಅಂಟೋನಿಯೊ ಒಂದು ಗೋಲು ಗಳಿಸಿ 3–1ರ ಗೆಲುವು ತಂದರು. ಅದಕ್ಕೂ ಮುಂಚೆ 2008ರಲ್ಲಿ ಡೆಂಪೊ ಮತ್ತು 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಬಂದು ನಿಂತಿದ್ದವು.

ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಎದುರಾಳಿ ಇರಾಕ್‌ನ ಅಲ್-ಕುವಾ ಅಲ್-ಜವಿಯಾ, ಆ ದೇಶದ ವಾಯುಪಡೆಯ ಕ್ಲಬ್. ಪ್ರಮುಖ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನ ಕಾರಣ ಆಡುವಂತಿರಲಿಲ್ಲ. ಲಾಲ್‌ತುಅಮ್ಮಾವಿಯಾ ರಾಲ್ಟೆ ಗೋಲು ಕಾದರು. ಎರಡನೆಯ ಅರ್ಧದಲ್ಲಿ ಹಮ್ಮಾದಿ ಅಹ್ಮದ್ ಗಳಿಸಿದ ಏಕೈಕ ಗೋಲಿನಿಂದ ಇರಾಕಿನ ತಂಡ 1–0ರಿಂದ ಗೆದ್ದಿತು. ಕ್ಲಬ್‌ಗೆ ಆಗ ಮೂರು ವರ್ಷ ಮೂರು ತಿಂಗಳು ತುಂಬಿತ್ತು.

ಐ-ಲೀಗ್‌ಗೆ ವಿದಾಯ

2016–17ರ ಲೀಗ್‌ನಲ್ಲಿ ಬೆಂಗಳೂರು ಪ್ರಶಸ್ತಿಯ ಸ್ಪರ್ಧೆಯಿಂದ ಬೇಗನೆ ಹಿಂದೆ ಬಿದ್ದಿತು. ಆ ವರ್ಷ ಮಿಜೋರಾಂನ ಐಜಾಲ್ ಎಫ್‌ಸಿ ಚಾಂಪಿಯನ್ ಆಗಿ ದೊಡ್ಡ ಬಂಡವಾಳವಿಲ್ಲದ ಕ್ಲಬ್‌ಗೂ ಅಗ್ರ ಸ್ಥಾನ ಸಾಧ್ಯವೆಂದು ತೋರಿಸಿತು. ಮೇ 21ರಂದು ಕಟಕ್‌ನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಬೆಂಗಳೂರು, ಗಾಯಗೊಂಡಿದ್ದ ಚೆಟ್ರಿ ಇಲ್ಲದೆಯೇ, ಮೋಹನ್ ಬಾಗಾನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2–0ರಿಂದ ಮಣಿಸಿತು. ಎರಡೂ ಗೋಲುಗಳು ಸಿ. ಕೆ. ವಿನೀತ್ ಅವರವು.

2017ರ ಜೂನ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ತನ್ನ ತಂಡಗಳ ಸಂಖ್ಯೆಯನ್ನು ಎಂಟರಿಂದ ಹತ್ತಕ್ಕೆ ಹೆಚ್ಚಿಸಿ, ಬೆಂಗಳೂರು ಮತ್ತು ಜಮ್ಶೆಡ್‌ಪುರಗಳಿಗೆ ಸ್ಥಾನ ನೀಡಿತು. ಹಳೆಯ ಲೀಗ್‌ನಿಂದ ಹೊಸ ಲೀಗ್‌ಗೆ ನೇರವಾಗಿ ದಾಟಿದ ಮೊದಲ ಕ್ಲಬ್ ಬೆಂಗಳೂರು. ಹೆಸರು, ನೀಲಿ ಸಮವಸ್ತ್ರ, ಕಂಠೀರವದ ನೆಲೆ ಮತ್ತು ತರಬೇತುದಾರ ರೋಕಾ ಹಾಗೆಯೇ ಉಳಿದರು. ಆದರೆ ಆಟಗಾರರ ಆಯ್ಕೆ ನಿಯಮಗಳ ಪ್ರಕಾರ ತಂಡದ ಬಹುಭಾಗವನ್ನು ಹೊಸದಾಗಿ ಕಟ್ಟಬೇಕಾಯಿತು. ಮೊದಲ ಋತುವಿನಿಂದ ಜೊತೆಗಿದ್ದ ರಿನೊ ಆಂಟೊ, ಬಳಿಕ ಸೇರಿದ ವಿನೀತ್ ಮೊದಲಾದವರು ಬೇರೆ ಕ್ಲಬ್‌ಗಳ ಪಾಲಾದರು. ಚೆಟ್ರಿ ಮತ್ತು ಉದಾಂತ ಸಿಂಗ್ ಉಳಿದರು. 2017ರ ನವೆಂಬರ್ 19ರಂದು ಕಂಠೀರವದಲ್ಲಿ ಮುಂಬೈ ಸಿಟಿ ವಿರುದ್ಧ ಆಡಿದ ಮೊದಲ ಸೂಪರ್ ಲೀಗ್ ಪಂದ್ಯವನ್ನು ಕ್ಲಬ್ 2–0ರಿಂದ ಗೆದ್ದಿತು.